ಬಿಳಿಗಾರದ ಚಿಟಿಕೆ

"ಅಜ್ಜನವರೇ, ಮಗಳಿಗೆ ಇನ್ನೇನು ಕೊಡಲಿ?" ಎಂದು ಸಂಗಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಹಳ ಕಾಲದಿಂದ ನಡೆದುಕೊಳ್ಳುವ ಶಿಷ್ಯ. ಹಿಂದಿನ ವರ್ಷ ಅವನ ಹೆಂಡತಿ ಚಳಿಜ್ವರದಲ್ಲಿ ತೀರಿಕೊಂಡಿದ್ದಳು. ಮಗಳಿಗೂ ಹಾಗೇ ಆದೀತೆಂಬ ಭಯ ಅಂದಿನಿಂದ ಅವನನ್ನು ಬಿಟ್ಟಿರಲಿಲ್ಲ. ಜ್ವರ ಬಾರದಿರಲೆಂದು ಬೆಳಿಗ್ಗೆ ಒಂದು ಲೋಟ ಕಹಿ ಕಷಾಯ ಕುಡಿಸತೊಡಗಿದ. ಹುಡುಗಿ ಸೊರಗಿದಳು. ಎರಡು ಲೋಟ ಮಾಡಿದ. ಇನ್ನೂ ಸೊರಗಿದಳು. ಈಗ ಮೂರು ಹೊತ್ತೂ ಕುಡಿಸುತ್ತಿದ್ದ. ಅವಳಿಗೆ ಊಟವೇ ಸೇರುತ್ತಿರಲಿಲ್ಲ.

"ಇರುವವಳು ಅವಳೊಬ್ಬಳು. ನನಗೆ ಕೈಕಾಲು ಆಡುತ್ತಿಲ್ಲ" ಎಂದ.

"ಮೊದಲು ಕುಳಿತುಕೋ. ಹೆದರುವುದಾದರೆ ಕುಳಿತೂ ಹೆದರಬಹುದು" ಎಂದು ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಊರಿನಲ್ಲಿ ಒಂದು ಪದ್ಧತಿ. ಅಲಸಂದೆಯ ಬಿತ್ತನೆ ಬೀಜವನ್ನು ವರ್ಷಕ್ಕೊಂದು ಮನೆಯವರು ಊರಿಗೆಲ್ಲ ಬೆಳೆದುಕೊಡಬೇಕು. ಆ ವರ್ಷದ ಸರದಿ ಇವನದು. ಊರಿನಲ್ಲಿದ್ದ ಬೀಜವೆಲ್ಲ ಇವನ ಹೊಲಕ್ಕೆ ಬಿದ್ದಿತ್ತು. ಬೆಳೆ ಕೈಕೊಟ್ಟರೆ ಮರುವರ್ಷ ಯಾರ ಮನೆಯಲ್ಲೂ ಬಿತ್ತಲು ಕಾಳಿಲ್ಲ. ಆ ಮಾತು ನೆನಪಾದಾಗಲೆಲ್ಲ ಅವನು ಎದ್ದು ಹೊಲಕ್ಕೆ ಹೋಗಿ ಬರುತ್ತಿದ್ದ.

ಅವನು ಸೋಮಾರಿಯಲ್ಲ, ದಡ್ಡನೂ ಅಲ್ಲ. ಮಳೆ ಕೈಬಿಡುವ ಮುಂಚೆಯೇ ಒಬ್ಬ ವ್ಯಾಪಾರಿಯ ಹತ್ತಿರ ಹೋದ. ವ್ಯಾಪಾರಿ ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದ ಪುಡಿ ಕೊಟ್ಟ. "ನಿಮ್ಮ ನೆಲದಲ್ಲಿ ಈ ಸತ್ವ ಕಡಿಮೆ. ಕೊಡ ನೀರಿಗೆ ಒಂದು ಚಿಟಿಕೆ ಹಾಕಿ ಎಲೆಗೆ ಚಿಮುಕಿಸು. ಬೇರು ಆಳಕ್ಕೆ ಹೋಗುತ್ತದೆ, ಗಿಡ ಮಳೆಯಿಲ್ಲದ ದಿನಗಳನ್ನು ತಡೆದುಕೊಳ್ಳುತ್ತದೆ. ಒಂದು ಬೆಳೆಗೆ ಒಂದೇ ಸಲ" ಎಂದ. ರೈತ ಹಾಗೆಯೇ ಮಾಡಿದ. ಬೇವಿನ ಟೊಂಗೆಯನ್ನು ನೀರಿಗೆ ಅದ್ದಿ ಸಾಲುಸಾಲಾಗಿ ಚಿಮುಕಿಸಿದ.

ಮಳೆ ನಿಂತಿತು. ಪಕ್ಕದ ಹೊಲಗಳ ಜೋಳ ಮಧ್ಯಾಹ್ನವಾದರೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಇವನ ಅಲಸಂದೆ ನೆಟ್ಟಗೆ ನಿಂತಿತ್ತು. ಇಲ್ಲಿಗೆ ಕತೆ ಮುಗಿಯಬೇಕಿತ್ತು ಸಂಗಪ್ಪ. ಬೆಳೆ ಚೆನ್ನಾಗಿತ್ತು, ಅವನು ಚೆನ್ನಾಗಿರಲಿಲ್ಲ. ದಿನಾ ಆಕಾಶ ನೋಡುತ್ತಿದ್ದ. ಹತ್ತು ದಿನ ಮೋಡವಿಲ್ಲ. ಒಂದು ಚಿಟಿಕೆ ಇಷ್ಟು ತಡೆದರೆ ಇನ್ನೊಂದು ಇನ್ನಷ್ಟು ತಡೆಯಲಾರದೇ ಎನಿಸಿತು. ಮತ್ತೊಮ್ಮೆ ಚಿಮುಕಿಸಿದ. ಇಪ್ಪತ್ತನೆಯ ದಿನ ಕೊಡಕ್ಕೆ ಒಂದು ಹಿಡಿ ಹಾಕಿದ.

ಕೆಲವೇ ದಿನಗಳಲ್ಲಿ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು. ಆಮೇಲೆ ಸುಟ್ಟ ಹಾಗೆ ಕಂದಾಯಿತು. ಬರ ತನ್ನ ಹೊಲಕ್ಕೂ ಕಾಲಿಟ್ಟಿತು ಎಂದು ರೈತ ಅಂದುಕೊಂಡ. ಮನೆಗೆ ಓಡಿ ಉಳಿದ ಪುಡಿಯನ್ನೆಲ್ಲ ತಂದ.

ಅವನ ಹೆಂಡತಿ ಕೊಡಕ್ಕೆ ಕೈ ಅಡ್ಡ ಇಟ್ಟಳು. "ನೀರಿಲ್ಲದೆ ಬಾಡಿದ ಎಲೆ ಜೋತುಬೀಳುತ್ತದೆ. ಇದು ಜೋತುಬಿದ್ದಿಲ್ಲ, ಅಂಚು ಮಾತ್ರ ಸುಟ್ಟಿದೆ. ಬೇಲಿಯ ಮೂಲೆ ನೋಡಿ. ಮುಳ್ಳಿಗೆ ಹೆದರಿ ನೀವು ಅಲ್ಲಿಗೆ ಎರಡನೆಯ ಸಲ ಹೋಗಲೇ ಇಲ್ಲ. ಅಲ್ಲಿನ ನಾಲ್ಕು ಗಿಡ ಹಸಿರಾಗಿವೆ. ಬೇಡ, ನಿಲ್ಲಿಸಿ" ಎಂದಳು.

"ಬೀಜ ಹೋದರೆ ಊರಿಗೆ ಉತ್ತರ ಹೇಳುವವನು ನಾನು. ನಿನಗೆ ಭಯವಿಲ್ಲ, ಅದಕ್ಕೇ ಹೀಗೆ ಮಾತಾಡುತ್ತೀ" ಎಂದು ಅವನು ಅವಳ ಕೈ ಸರಿಸಿದ. ಮೂಲೆಯ ಕಡೆ ತಿರುಗಿಯೂ ನೋಡಲಿಲ್ಲ. ಅವಳು ಮರುದಿನವೂ ಹೇಳಿದಳು, ಅದರ ಮರುದಿನವೂ ಹೇಳಿದಳು. ಅವನು ಚಿಮುಕಿಸುತ್ತಲೇ ಇದ್ದ. ಎಲೆ ಸುಟ್ಟಷ್ಟೂ ಹೆದರಿದ, ಹೆದರಿದಷ್ಟೂ ಹಾಕಿದ.

ಐದನೆಯ ವಾರ ಮಳೆ ಬಂತು. ಮುದುಡಿದ್ದ ಜೋಳ ಎರಡೇ ದಿನದಲ್ಲಿ ಎಲೆ ಬಿಚ್ಚಿತು. ಊರಿನವರು ಅಲಸಂದೆ ನೋಡಲು ಬಂದರು. ಗಿಡಗಳು ಬುಡದವರೆಗೆ ಒಣಗಿ ನಿಂತಿದ್ದವು, ಮುಟ್ಟಿದರೆ ಪುಡಿಯಾಗುತ್ತಿದ್ದವು. ಮುಳ್ಳುಬೇಲಿಯ ಮೂಲೆಯ ನಾಲ್ಕು ಗಿಡ ಮಾತ್ರ ಹೂ ಬಿಟ್ಟಿದ್ದವು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಆ ನಾಲ್ಕು ಗಿಡದಿಂದ ಸಿಕ್ಕಿದ್ದು ಒಂದು ಬೊಗಸೆ ಬೀಜ. ಅದು ಊರಿಗೆ ಸಾಕಾಗುವಷ್ಟು ಆಗಲು ಮೂರು ವರ್ಷ ಹಿಡಿಯಿತು. ಅಷ್ಟು ದಿನ ಆ ಊರಿನಲ್ಲಿ ಯಾರೂ ಅಲಸಂದೆ ಬೇಯಿಸಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸಂಗಪ್ಪನಿಗೆ ಸಿಟ್ಟು ಬಂದಿತ್ತು. "ಎಂಥ ಮನುಷ್ಯ! ಹೆಂಡತಿ ಅಷ್ಟು ಬಿಡಿಸಿ ಹೇಳಿದರೂ ಅವನಿಗೆ ಕೇಳಿಸಲಿಲ್ಲವೇ ಅಜ್ಜನವರೇ?" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ಕಷಾಯ ಬೇಡ ಅಂತ ನಿನ್ನ ಮಗಳು ಎಷ್ಟು ಸಲ ಹೇಳಿದಳು?"