ಮಳೆ ತರುತ್ತೇನೆಂದ ಕೊಕ್ಕರೆ

ಪಶ್ಚಿಮ ಆಫ್ರಿಕಾದಲ್ಲಿ, ನೈಜರ್ ನದಿಯ ತಿರುವಿನ ಬಳಿ, ಉತ್ತರಕ್ಕೆ ಮರುಭೂಮಿಯೂ ದಕ್ಷಿಣಕ್ಕೆ ಕಾಡೂ ಇದ್ದ ಒಂದು ಹಳ್ಳಿ. ಪ್ರತಿ ವರ್ಷ ಬೇಸಿಗೆಯ ಕೊನೆಗೆ ದಕ್ಷಿಣದಿಂದ ಕರಿ ಕೊಕ್ಕರೆಯೊಂದು ಬಂದು ಪೆಂಡಾ ಎಂಬ ಮುದುಕಿಯ ಹುಲ್ಲಿನ ಮಾಡಿನ ಮೇಲೆ ಗೂಡು ಕಟ್ಟುತ್ತಿತ್ತು. ಅದರ ಬೆನ್ನಿಗೇ ಮಳೆ ಬರುತ್ತಿತ್ತು.

"ಈ ಊರಿಗೆ ಮಳೆ ತರುವವನು ನಾನು," ಎಂದು ಕೊಕ್ಕರೆ ಪಕ್ಕದ ಮರದ ಗೀಜಗನಿಗೆ ಹೇಳುತ್ತಿತ್ತು.

ಒಂದು ವರ್ಷ ಕೊಕ್ಕರೆ ಬಂತು, ಮಳೆ ಬರಲಿಲ್ಲ. ಮರುಭೂಮಿಯ ಗಾಳಿ ಕೆಂಧೂಳು ಸುರಿಯಿತು. ಊರವರು ದಿನವೂ ಮಾಡಿನತ್ತ ಕತ್ತೆತ್ತಿ ನೋಡತೊಡಗಿದರು. ಕೊಕ್ಕರೆಗೆ ತಲೆ ಎತ್ತಲಾಗಲಿಲ್ಲ.

"ನಾನು ಹಿಂದಿರುಗುತ್ತೇನೆ. ಮಳೆ ನನ್ನ ಕೈಯಲ್ಲಿಲ್ಲ," ಎಂದಿತು.

"ನೀನು ಹೋದರೆ ಮಳೆಯ ಆಸೆಯೂ ಹೋಯಿತೆಂದು ಇವರು ಊರು ಬಿಡುತ್ತಾರೆ," ಎಂದಿತು ಗೀಜಗ. "ಮಳೆ ನಿನ್ನ ಕೈಯಲ್ಲಿಲ್ಲ. ಉಳಿಯುವುದು ನಿನ್ನ ಕೈಯಲ್ಲಿದೆ."

ಕೊಕ್ಕರೆ ಉಳಿಯಿತು. ಗೆದ್ದಲು ತಿಂದು ಬದುಕಿತು, ಸೊರಗಿತು. ಗೂಡಿನಲ್ಲಿ ಮೊಟ್ಟೆಯೊಡೆದು ಮರಿಗಳು ಬಂದಾಗ, ಉರಿಬಿಸಿಲಲ್ಲಿ ರೆಕ್ಕೆ ಹರಡಿ ಅವಕ್ಕೆ ನೆರಳಾಯಿತು.

ಅದನ್ನು ಕಂಡ ಪೆಂಡಾ ಸೊಸೆಯರನ್ನು ಕರೆದಳು. "ಹಕ್ಕಿ ಇನ್ನೂ ಕೂತಿದೆ ಕಣ್ರಮ್ಮಾ. ಏಳಿ, ಸಜ್ಜೆ ಬಿತ್ತೋಣ."

ಅವರು ಒಣ ಮಣ್ಣಿನಲ್ಲೇ ಬಿತ್ತಿದರು. ಅವರನ್ನು ನೋಡಿ ಊರೆಲ್ಲ ಬಿತ್ತಿತು.

ಕಡೆಗೊಂದು ದಿನ ದಕ್ಷಿಣದಲ್ಲಿ ಮೋಡ ಕಪ್ಪಾಯಿತು. ಮೋಡದ ಮುಂದೆ ಹಾರಿ ಬಂದ ಎಳೆಯ ಕೊಕ್ಕರೆಗಳ ಹಿಂಡು ಮಾಡಿನ ಮೇಲಿಳಿದು, "ಮಳೆ ತಂದಿದ್ದೇವೆ," ಎಂದು ಬೀಗಿತು.

ಸೊರಗಿದ ಕೊಕ್ಕರೆ ಕತ್ತು ನೀಳವಾಗಿ ಎತ್ತಿತು.

"ಬನ್ನಿ, ಕೂತುಕೊಳ್ಳಿ," ಎಂದಿತು. "ನಮ್ಮೂರಿನವರು ಆಗಲೇ ಬಿತ್ತಿ ಮುಗಿಸಿದ್ದಾರೆ."