ಕಾವಲುಗಲ್ಲಿನ ಮೇಲೆ ಜುಟ್ಟಪ್ಪ

ಮಕ್ಕಳೇ, ಈ ಕತೆಯ ಹೊಂಡ ಅಂಥ ದೊಡ್ಡದೇನಲ್ಲ. ಕುರುಚಲು ಕಾಡಿನ ನಡುವೆ, ಬೇಸಿಗೆಯಲ್ಲೂ ಮೊಣಕಾಲುದ್ದ ನೀರು ನಿಲ್ಲುವ ಒಂದು ಗುಂಡಿ, ಅಷ್ಟೇ. ಆದರೆ ಸುತ್ತಲಿನ ಪ್ರಾಣಿಗಳಿಗೆಲ್ಲ ಅದೇ ಆಧಾರ. ತೊಂದರೆ ಏನೆಂದರೆ, ಹಿಂದಿನ ಪೊದೆಗಳಲ್ಲಿ ಒಂದು ಚಿರತೆ ಸುಳಿದಾಡುತ್ತಿತ್ತು. ಬಗ್ಗಿ ನೀರು ಕುಡಿಯುವವರಿಗೆ ಬೆನ್ನ ಹಿಂದೆ ಯಾರು ಬಂದರೆಂದು ಹೇಗೆ ಕಾಣಬೇಕು? ಅದಕ್ಕೇ ಅಲ್ಲಿ ಒಂದು ಪದ್ಧತಿ ಇತ್ತು.

ದಡದ ಮೇಲೆ ಒಂದು ಎತ್ತರದ ಕಲ್ಲು. ಅದಕ್ಕೆ ಕಾವಲುಗಲ್ಲು ಎಂದು ಹೆಸರು. ದಿನಕ್ಕೊಬ್ಬರಂತೆ ಸರದಿಯ ಮೇಲೆ ಅಲ್ಲಿ ನಿಲ್ಲಬೇಕು. ನೀರಿಗೆ ಬೆನ್ನು, ಪೊದೆಗೆ ಮುಖ. ಚಿರತೆ ಕಂಡರೆ ಕೂಗಬೇಕು, ಕೂಗು ಕೇಳಿದವರು ಓಡಬೇಕು. ಕಾವಲಿಗೆ ನಿಂತವರು ಎಲ್ಲರೂ ಕುಡಿದು ಮುಗಿಸಿದ ಮೇಲೆ ಕುಡಿಯಬೇಕು. ಕಾಲು ನೋಯುವ, ಬೇಸರ ಬರಿಸುವ ಕೆಲಸ.

ಇಂಥ ಕಾಡಿಗೆ ಒಂದು ದಿನ ಜುಟ್ಟಪ್ಪ ಬಂದ. ಜುಟ್ಟಪ್ಪ ಊರಿನ ಹುಂಜ. ಹುಟ್ಟಿ ಬೆಳೆದದ್ದು ಪಂಚಾಯಿತಿ ಕಚೇರಿಯ ಅಂಗಳದಲ್ಲಿ. ದಿನವಿಡೀ ಕಿಟಕಿಯ ಮೇಲೆ ಕೂತು, ಅಧ್ಯಕ್ಷರ ಕುರ್ಚಿಗಾಗಿ ಒಳಗೆ ನಡೆಯುವ ಜಗಳ ನೋಡುವುದೇ ಅವನ ಕಸುಬು. ಹೊಸ ಅಧ್ಯಕ್ಷರು ಗೆದ್ದ ದಿನ, ಊಟಕ್ಕೆ ಯಾವ ಕೋಳಿ ಎಂದು ಮಾತು ಬಂತು. ಎರಡೂ ಗುಂಪಿನವರು ಒಟ್ಟಿಗೇ ಕಿಟಕಿಯ ಕಡೆ ತಿರುಗಿ ನೋಡಿದರು. ಆ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಜಗಳವೇ ಇರಲಿಲ್ಲ ನೋಡಿ! ಜುಟ್ಟಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿ ಕಾಡು ಸೇರಿದ.

ಆ ಸಂಜೆ ಕಲ್ಲಿನ ಮೇಲೆ ಜಿಂಕೆ ಚುಕ್ಕವ್ವನ ಸರದಿ. ಪೊದೆ ಅಲ್ಲಾಡಿದ್ದು ಕಂಡು ಅವಳು ಒಮ್ಮೆ ಕೂಗಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಂಡ ಖಾಲಿ! ಮರದ ಮೇಲಿದ್ದ ಜುಟ್ಟಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

"ಅಬ್ಬಬ್ಬಾ! ಒಂದೇ ಕೂಗಿಗೆ ಇಡೀ ಕಾಡು ಓಡಿತಲ್ಲ! ಇದು ಕಲ್ಲಲ್ಲ, ಸಿಂಹಾಸನ!" ಎಂದುಕೊಂಡ.

ಮರುದಿನ ಬೆಳಿಗ್ಗೆ ಆಮೆ ಚಿಪ್ಪಜ್ಜನ ಹತ್ತಿರ ಹೋಗಿ ಮೆಲ್ಲಗೆ ಕೇಳಿದ, "ಅಜ್ಜಾ, ಆ ಕಲ್ಲಿಗಾಗಿ ಇಲ್ಲಿ ಎಷ್ಟು ಗುಂಪುಗಳಿವೆ?"

"ಗುಂಪೇ? ಕಲ್ಲಿಗೆ ಯಾಕಪ್ಪ ಗುಂಪು?"

"ನನ್ನ ಹತ್ತಿರ ಮುಚ್ಚಿಡಬೇಡಿ. ನಾನು ಮನುಷ್ಯರನ್ನು ಹತ್ತಿರದಿಂದ ನೋಡಿದವನು. ಅನ್ನ ಬಿಟ್ಟಾರು, ನಿದ್ದೆ ಬಿಟ್ಟಾರು, ಕುರ್ಚಿ ಬಿಡುವುದಿಲ್ಲ. ಅಧಿಕಾರದ ಆಸೆ ಅವರಿಗೆ ಹುಟ್ಟಿನಿಂದಲೇ ಬಂದದ್ದು. ಮನುಷ್ಯರೇ ಹಾಗೆಂದ ಮೇಲೆ ನೀವೆಲ್ಲ ಯಾವ ಲೆಕ್ಕ?"

ಚಿಪ್ಪಜ್ಜ ಕುತ್ತಿಗೆ ಹೊರಗೆ ಚಾಚಿ ಅವನನ್ನೇ ನೋಡಿದ. "ಇರಬಹುದಪ್ಪ. ನನಗಂತೂ ಬಿಸಿಲು ಕಾಯಿಸುವುದರ ಮೇಲೇ ಆಸೆ," ಎಂದು ಕಣ್ಣು ಮುಚ್ಚಿದ.

ಜುಟ್ಟಪ್ಪ ಮೂರು ದಿನ ಕೂತು ಒಂದು ದೊಡ್ಡ ಭಾಷಣ ಬಾಯಿಪಾಠ ಮಾಡಿದ. ನಾಲ್ಕನೆಯ ದಿನ ಎಲ್ಲರ ಮುಂದೆ ಎದೆ ಉಬ್ಬಿಸಿ ನಿಂತು ಶುರು ಮಾಡಿದ, "ಬಂಧುಗಳೇ, ಇಂದಿನಿಂದ ಆ ಕಲ್ಲಿನ ಮೇಲೆ ದಿನವೂ ನಾನೇ..."

"ದಿನವೂ ನೀನೇ ನಿಲ್ಲುತ್ತೀಯಾ?" ಚುಕ್ಕವ್ವ ನಡುವೆಯೇ ಕೂಗಿದಳು. "ಪುಣ್ಯಾತ್ಮ, ನಿನ್ನ ಹೊಟ್ಟೆ ತಣ್ಣಗಿರಲಿ! ನನ್ನ ಮರಿಗೆ ಇನ್ನೂ ಎಂಟು ದಿನ. ಅದನ್ನು ಬಿಟ್ಟು ಕಾವಲಿಗೆ ನಿಲ್ಲುವುದೇ ಕಷ್ಟವಾಗಿತ್ತು."

"ನಿಂತುಕೋಪ್ಪ, ನಿಂತುಕೋ!" ಎಂದರು ಎಲ್ಲರೂ.

ಭಾಷಣ ಗಂಟಲಲ್ಲೇ ಉಳಿಯಿತು. ಸಂತೋಷ ಪಡುವುದು ಬಿಟ್ಟು ಜುಟ್ಟಪ್ಪನಿಗೆ ಅನುಮಾನ ಹುಟ್ಟಿತು. ಇಷ್ಟು ಸುಲಭವಾಗಿ ಸಿಂಹಾಸನವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಇದರಲ್ಲೇನೋ ಮೋಸವಿದೆ!

ಕಲ್ಲು ಹತ್ತಿದವನೇ ಹೊಂಡದ ಕಡೆ ಮುಖ ಮಾಡಿ ನಿಂತ.

"ಮಗಾ, ಮುಖ ಪೊದೆಯ ಕಡೆ ಇರಬೇಕು," ಎಂದ ಚಿಪ್ಪಜ್ಜ.

"ಆಳುವವನು ಪ್ರಜೆಗಳ ಮೇಲೆ ಕಣ್ಣಿಡಬೇಕು ಅಜ್ಜಾ. ಅಲ್ಲದೆ ನನ್ನ ಕಣ್ಣು ತಲೆಯ ಎರಡೂ ಪಕ್ಕಕ್ಕಿದೆ. ಹಿಂದಿನದೂ ಕಾಣುತ್ತದೆ, ನಿಮಗೇಕೆ ಚಿಂತೆ?"

ಎರಡನೆಯ ದಿನ ಹೊಸ ಕಾನೂನು ಬಂತು: ಮೊದಲು ನೀರು ಕುಡಿಯುವುದು ಜುಟ್ಟಪ್ಪ. ಈಗಲಾದರೂ ಯಾರೋ ಒಬ್ಬರು ತಿರುಗಿ ಬೀಳುತ್ತಾರೆ ಎಂದು ಅವನು ಕಾದ. ಚುಕ್ಕವ್ವ ಪಕ್ಕಕ್ಕೆ ಸರಿದು, "ಪಾಪ, ಬಾಯಾರಿದೆಯಾ? ಕುಡಿಯಪ್ಪ," ಎಂದಳು. ಜುಟ್ಟಪ್ಪನ ಅನುಮಾನ ಇನ್ನಷ್ಟು ಹೆಚ್ಚಿತು.

ಎಲ್ಲರಿಗಿಂತ ಹೆಚ್ಚಾಗಿ ಅವನಿಗೆ ಅನುಮಾನ ಇದ್ದದ್ದು ಮುಳ್ಳುಹಂದಿ ಮುಳ್ಳಣ್ಣನ ಮೇಲೆ. ಮುಳ್ಳಣ್ಣನದು ಮಾತು ಕಡಿಮೆ. ಅವನು ಒಂದು ಗುಟುಕು ನೀರು ಕುಡಿಯುವುದು, ತಲೆ ಎತ್ತಿ ಕಲ್ಲಿನ ಕಡೆ ನೋಡುವುದು. ಮತ್ತೊಂದು ಗುಟುಕು, ಮತ್ತೆ ಕಲ್ಲಿನ ಕಡೆ ನೋಟ.

"ಏನು ಮುಳ್ಳಣ್ಣ, ಕಣ್ಣೆಲ್ಲ ಈ ಕಡೆಯೇ ಇದೆ?"

"ಏನಿಲ್ಲ, ಸುಮ್ಮನೆ," ಎಂದ ಮುಳ್ಳಣ್ಣ.

"ಸುಮ್ಮನೆ ಯಾರೂ ಸಿಂಹಾಸನ ನೋಡುವುದಿಲ್ಲ," ಎಂದು ಜುಟ್ಟಪ್ಪ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡ. ಅಂದಿನಿಂದ ಅವನ ಊಟವೂ ಹೋಯಿತು. ಗೆದ್ದಲು ಹೆಕ್ಕಲು ಕೆಳಗಿಳಿದರೆ ಮುಳ್ಳಣ್ಣ ಮೇಲೆ ಹತ್ತಿಬಿಟ್ಟರೆ? ಹದಿನೈದು ದಿನದಲ್ಲಿ ನಮ್ಮ ರಾಜರು ಎಲುಬು ಗರಿ ಎರಡೇ ಆದರು.

ಒಂದು ಸಂಜೆ ಚುಕ್ಕವ್ವ ಮೊದಲ ಸಲ ಮರಿಯನ್ನು ಹೊಂಡಕ್ಕೆ ಕರೆತಂದಳು. ಕಡ್ಡಿಯಂಥ ಕಾಲು, ಮೈತುಂಬ ಚುಕ್ಕಿ. ಮರಿ ನೀರಿನಲ್ಲಿ ತನ್ನ ಮುಖ ನೋಡಿ ಬೆಚ್ಚಿಬಿದ್ದು, ಕಾವಲುಗಲ್ಲಿನ ಬುಡಕ್ಕೆ ಓಡಿ ಅಡಗಿಕೊಂಡಿತು. ಎಲ್ಲರೂ ನಕ್ಕರು. ಜುಟ್ಟಪ್ಪ ಮಾತ್ರ ನಗಲಿಲ್ಲ. ಅವನು ಮುಳ್ಳಣ್ಣನನ್ನೇ ನೋಡುತ್ತಿದ್ದ.

ಮುಳ್ಳಣ್ಣ ಇದ್ದಕ್ಕಿದ್ದಂತೆ ನೀರು ಬಿಟ್ಟು ನೇರವಾಗಿ ಕಲ್ಲಿನ ಕಡೆ ಓಡಿ ಬಂದ!

"ಬಂದನಪ್ಪ ಬಂದ! ದ್ರೋಹಿ!" ಜುಟ್ಟಪ್ಪ ರೆಕ್ಕೆ ಬಡಿದು ಕಿರುಚಿದ. "ನನ್ನ ಸಿಂಹಾಸನ ಕಸಿಯಲು ಬಂದ!"

ಮುಳ್ಳಣ್ಣ ಕಲ್ಲು ಹತ್ತಲೇ ಇಲ್ಲ. ಮರಿಯನ್ನು ದಾಟಿ ಕಲ್ಲಿನ ಹಿಂದಕ್ಕೆ ಹೋಗಿ, ಪೊದೆಗೆ ಬೆನ್ನು ಹಾಕಿ, ಮೈಮೇಲಿನ ಮುಳ್ಳುಗಳನ್ನೆಲ್ಲ ನಿಮಿರಿಸಿ ಹಿಂದುಹಿಂದಕ್ಕೆ ನುಗ್ಗಿದ. ಅದೇ ಕ್ಷಣಕ್ಕೆ ಪೊದೆಯಿಂದ ಚಿರತೆ ಹಾರಿತು. ಒಂದು ಪಂಜ ಕಲ್ಲಿನ ಮೇಲಿದ್ದ ಜುಟ್ಟಪ್ಪನ ಬಾಲಕ್ಕೆ ತಗುಲಿತು. ಮೂತಿ ಮಾತ್ರ ನೇರ ಮುಳ್ಳುಗಳ ಮೇಲೆ!

"ಅಯ್ಯಯ್ಯೋ!" ಎಂದು ಚಿರತೆ ಮೂಗು ಉಜ್ಜಿಕೊಳ್ಳುತ್ತ, ಆರು ಮುಳ್ಳು ಚುಚ್ಚಿಸಿಕೊಂಡೇ ಓಟ ಕಿತ್ತಿತು. ಮರಿ ಒಂದೇ ನೆಗೆತಕ್ಕೆ ತಾಯಿಯ ಹೊಟ್ಟೆಯಡಿ ಸೇರಿತು. ಚುಕ್ಕವ್ವ ಅದರ ಮೈ ನೆಕ್ಕಿದಳು, ಮತ್ತೆ ನೆಕ್ಕಿದಳು.

ಜುಟ್ಟಪ್ಪ ಕಲ್ಲಿನಿಂದ ಉರುಳಿ ಕೆಸರಿಗೆ ಬಿದ್ದಿದ್ದ. ಬಾಲದಲ್ಲಿ ಒಂದು ಗರಿಯೂ ಉಳಿದಿರಲಿಲ್ಲ. ನಾಚಿಕೆಯಿಂದ ತಲೆ ಎತ್ತಲಾಗದೆ ಕೇಳಿದ, "ಮುಳ್ಳಣ್ಣ, ಇಷ್ಟು ದಿನ ನೀನು ನೋಡುತ್ತಿದ್ದದ್ದು..."

"ನಿನ್ನನ್ನಲ್ಲವೋ. ನಿನ್ನ ಹಿಂದಿನ ಪೊದೆಯನ್ನು. ನೀನು ನೋಡುತ್ತಿರಲಿಲ್ಲವಲ್ಲ, ಯಾರಾದರೂ ನೋಡಬೇಕಿತ್ತು," ಎಂದ ಮುಳ್ಳಣ್ಣ. ಆಮೇಲೆ ಅರ್ಧಕ್ಕೆ ಬಿಟ್ಟಿದ್ದ ನೀರು ಕುಡಿಯಲು ಹೋದ.

ಚಿಪ್ಪಜ್ಜ ನಿಧಾನವಾಗಿ ತೆವಳಿ ಬಂದ. "ಮಗಾ, ಊರಿನಲ್ಲಿ ನೀನು ಎಲ್ಲಿ ಕೂತು ಮನುಷ್ಯರನ್ನು ನೋಡುತ್ತಿದ್ದೆ?"

"ಕಚೇರಿಯ ಕಿಟಕಿಯ ಮೇಲೆ."

"ಬೇರೆಲ್ಲೂ ಕೂರಲಿಲ್ಲವೇ?"

ಜುಟ್ಟಪ್ಪ ಯೋಚಿಸಿದ. ಕಚೇರಿಯ ಪಕ್ಕದಲ್ಲೇ ನೀಲವ್ವನ ಮನೆ ಇತ್ತು. ಅವಳು ದಿನಾ ಬೆಳಿಗ್ಗೆ ಒಡೆದ ಮಡಕೆಯಲ್ಲಿ ನೀರು ತುಂಬಿ, ಕೋಳಿಗಳಿಗೆ ಒಂದು ಹಿಡಿ ನುಚ್ಚು ಎರಚುತ್ತಿದ್ದಳು. ಯಾರು ಅಧ್ಯಕ್ಷರಾದರೆಂದು ಅವಳು ಒಮ್ಮೆಯೂ ಕೇಳಿದ್ದಿಲ್ಲ. ಅವನು ಆ ನುಚ್ಚು ತಿಂದು ಮತ್ತೆ ಕಿಟಕಿಗೆ ಹಾರುತ್ತಿದ್ದ, ಅವಳ ಮುಖವನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

"ಒಂದು ಕಿಟಕಿಯಲ್ಲಿ ಕಂಡದ್ದನ್ನೇ ಇಡೀ ಊರು ಅಂದುಕೊಂಡುಬಿಟ್ಟೆ ಅಜ್ಜಾ," ಎಂದ ಜುಟ್ಟಪ್ಪ.

ಮರುದಿನದಿಂದ ಸರದಿಯ ಪದ್ಧತಿ ಮತ್ತೆ ಬಂತು. ಜುಟ್ಟಪ್ಪನಿಗೆ ವಾರಕ್ಕೊಂದು ದಿನ ಕಾವಲು. ಬೋಳು ಬಾಲದವನು ಹೊಂಡಕ್ಕೆ ಬೆನ್ನು ಹಾಕಿ ನಿಂತಾಗ ಎಲ್ಲರೂ ಕಿಸಕ್ಕನೆ ನಗುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಪೊದೆಯ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ. ಹಿಂದಿನಿಂದ ಮರಿ ಚಪ್ಪರಿಸಿ ನೀರು ಕುಡಿಯುವ ಸದ್ದು ಕೇಳುತ್ತಿತ್ತು. ಅದನ್ನು ಕೇಳುತ್ತ ನಿಂತರೆ ಅವನಿಗೆ ಕಾಲು ನೋಯುವುದೇ ಮರೆತುಹೋಗುತ್ತಿತ್ತು.

ನೀತಿ: ಅಧಿಕಾರದ ಮೇಲೆ ಕಣ್ಣಿಟ್ಟವನಿಗೆ ಎಲ್ಲರೂ ಅದನ್ನೇ ಬಯಸುವಂತೆ ಕಾಣುತ್ತದೆ, ಎಲ್ಲರ ಮನಸ್ಸನ್ನೂ ನಮ್ಮ ಆಸೆಯಿಂದ ಅಳೆಯಬಾರದು.