ನಿನ್ನೆಯ ಹೊಳೆ

ಗ್ರೀಸ್ ದೇಶದಲ್ಲಿ ಒಬ್ಬ ತತ್ತ್ವಜ್ಞಾನಿಯನ್ನು ಹೊತ್ತು ತಿರುಗಿ ಮುದಿಯಾದ ಹೆಣ್ಣು ಕತ್ತೆಯೊಂದಿತ್ತು. ಮೇಕೆಮರಿಯೊಂದಕ್ಕೆ ಆ ಅಜ್ಜಿಯೆಂದರೆ ಪ್ರಾಣ. ಒಂದು ಸಂಜೆ ಎರಡೂ ಮೇವು ಮುಗಿಸಿ ಬರುವಷ್ಟರಲ್ಲಿ, ಬೆಟ್ಟದ ಮೇಲೆ ಸುರಿದ ಮಳೆಗೆ ಹೊಳೆ ಕೆಂಪಾಗಿ ಹರಿಯುತ್ತಿತ್ತು. ಆಚೆ ದಡದಲ್ಲಿ ತಾಯಿಮೇಕೆ ಕೂಗುತ್ತಿತ್ತು.

"ಈ ಹೊಳೆ ನನಗೆ ಗೊತ್ತು ಅಜ್ಜಿ, ಮೊಣಕಾಲುದ್ದ ನೀರು," ಎಂದು ಮರಿ ಧುಮುಕಲು ಹೋಯಿತು. ಕತ್ತೆ ಅಡ್ಡ ನಿಂತಿತು.

"ನಿನಗೆ ಗೊತ್ತಿರುವುದು ನಿನ್ನೆಯ ಹೊಳೆ, ಕಂದ. ಅದು ಆಗಲೇ ಕಡಲು ಸೇರಿತು. ಇಂದಿನದು ನನಗೂ ಗೊತ್ತಿಲ್ಲ."

ಹಾಗೆಂದು ಅದು ಮೆಲ್ಲನೆ ಮುಂಗಾಲು ಇಳಿಬಿಟ್ಟಿತು. ಎದೆ ಮುಳುಗಿದರೂ ನೆಲ ಸಿಗಲಿಲ್ಲ. ಮರಿ ಹಿಂದಕ್ಕೆ ಸರಿಯಿತು.

"ಇಷ್ಟು ವರ್ಷ ದಾಟಿದ ನಿನಗೂ ಗೊತ್ತಿಲ್ಲವೇ?"

"ಗೊತ್ತಿಲ್ಲವೆಂಬುದು ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ದಾಟಿದೆ," ಎಂದು ಕತ್ತೆ ಮರಿಯನ್ನು ಮೂತಿಯಿಂದ ನೂಕುತ್ತಾ ದೂರದ ಸೇತುವೆಯ ದಾರಿ ಹಿಡಿಯಿತು.